ಪೆಟ್ರೋಲೋ, ಡೀಸೆಲ್ಲೋ? ಒಂದು ಮನೆಲೆಕ್ಕದ ಚರಿತ್ರೆ

ಮನೆಗೊಂದು ಸೆಕೆಂಡ್ ಹ್ಯಾಂಡ್ ಕಾರು ತರುವುದೆಂದು ನಿಶ್ಚಯವಾದ ದಿನವೇ ಸಲಹೆಗಾರರ ಸಾಲು ಶುರುವಾಗುತ್ತದೆ. ಸೋದರಮಾವ, ಕಚೇರಿಯ ಸಹೋದ್ಯೋಗಿ, ಎದುರುಮನೆಯ ನಿವೃತ್ತ ಮೇಷ್ಟ್ರು, ಎಲ್ಲರೂ ಬಣ್ಣ ಯಾವುದು, ಕಂಪೆನಿ ಯಾವುದು ಎಂದು ವಿಚಾರಿಸುವ ಮೊದಲೇ ಕೇಳುವ ಪ್ರಶ್ನೆ ಒಂದೇ: ಪೆಟ್ರೋಲೋ, ಡೀಸೆಲ್ಲೋ? ಉತ್ತರವನ್ನೂ ಅವರೇ ಕೊಡುತ್ತಾರೆ. ಡೀಸೆಲ್ ಆದರೆ ಅಗ್ಗ, ಮೈಲೇಜು ಹೆಚ್ಚು. ಪೆಟ್ರೋಲ್ ಆದರೆ ಸದ್ದಿಲ್ಲ, ರಿಪೇರಿಯ ತಾಪತ್ರಯ ಕಡಿಮೆ. ಕೊಳ್ಳುವವರು ಮೂರ್ನಾಲ್ಕು ವರ್ಷ ಕೂಡಿಟ್ಟ ಹಣ, ಜೊತೆಗೆ ಸೊಸೈಟಿಯ ಸಾಲ, ಈ ಎರಡು ಮಾತುಗಳ ನಡುವೆ ತೂಗಾಡುತ್ತದೆ.

ಎರಡು ಮಾತೂ ಸುಳ್ಳಲ್ಲ. ಆದರೆ ಅವು ಹುಟ್ಟಿದ ಕಾಲ ಈಗಿನದಲ್ಲ. ಡೀಸೆಲ್ ಕಾರು ಅಗ್ಗವೆಂಬ ನಂಬಿಕೆಯಲ್ಲಿ ಎಂಜಿನ್ನಿನ ಪಾಲು ಎಷ್ಟಿತ್ತೋ ಅದಕ್ಕಿಂತ ಹೆಚ್ಚಾಗಿ ಸರ್ಕಾರದ ಬೆಲೆನೀತಿಯ ಪಾಲಿತ್ತು. ಆ ನೀತಿಯಾದರೂ ಕಾರುಗಳಿಗಾಗಿ ರೂಪುಗೊಂಡದ್ದಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರು, ನೀರೆತ್ತುವ ಪಂಪುಗಳಿಗಾಗಿ ರೂಪುಗೊಂಡದ್ದು. ಕಾರು ಆ ಪಂಕ್ತಿಯಲ್ಲಿ ಕರೆಯದೆ ಬಂದು ಕುಳಿತ ಅತಿಥಿ. ಅದು ಹೇಗೆ ಬಂತು, ಎಷ್ಟು ಉಂಡಿತು, ಯಾವಾಗ ಎದ್ದುಹೋಗಬೇಕಾಯಿತು ಎಂಬುದನ್ನು ತಿಳಿದರೆ ಇಂದು ಮರದ ನೆರಳಲ್ಲಿ ಮಾರಾಟಕ್ಕೆ ನಿಂತಿರುವ ಹತ್ತು ವರ್ಷದ ಹಳೆಯ ಕಾರಿನ ಬೆಲೆಯೂ ಅರ್ಥವಾಗುತ್ತದೆ.

ಎಂಜಿನ್ನಿನಿಂದಲೇ ಆರಂಭಿಸಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಒತ್ತಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರೀ ಗಾಳಿಯನ್ನು ಹದಿನೆಂಟು ಇಪ್ಪತ್ತು ಪಟ್ಟು ಕುಗ್ಗುವಂತೆ ಅದುಮಿದಾಗ ಅದು ಕೆಂಡದಂತೆ ಕಾಯುತ್ತದೆ. ಅದರೊಳಕ್ಕೆ ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ಒತ್ತಡ ಹೆಚ್ಚುಕಡಿಮೆ ಅದರ ಅರ್ಧದಷ್ಟು. ಇಷ್ಟು ಒತ್ತಡವನ್ನು ತಾಳಿಕೊಳ್ಳಲು ಡೀಸೆಲ್ ಎಂಜಿನ್ನಿನ ಬೀಡು ದಪ್ಪಗಿರಬೇಕು, ಎಣ್ಣೆ ಚಿಮ್ಮಿಸುವ ಪಂಪು ಮತ್ತು ನಾಜಲ್‌ಗಳು ಕೂದಲೆಳೆಯ ನಿಖರತೆಯಲ್ಲಿ ತಯಾರಾಗಬೇಕು. ಹಾಗಾಗಿ ಅದು ಭಾರ, ದುಬಾರಿ, ಸದ್ದು ಜಾಸ್ತಿ. ಪ್ರತಿಫಲವಾಗಿ ಅದೇ ಒಂದು ಲೀಟರಿನಲ್ಲಿ ಹೆಚ್ಚು ದೂರ ಹೋಗುತ್ತದೆ. ಅದಕ್ಕೆ ಒಂದು ಕಾರಣ ಎಂಜಿನ್ನಿನ ದಕ್ಷತೆ. ಇನ್ನೊಂದು ಕಾರಣ, ಡೀಸೆಲ್ ಎಣ್ಣೆ ಪೆಟ್ರೋಲಿಗಿಂತ ಸಾಂದ್ರವಾಗಿದ್ದು ಲೀಟರಿಗೆ ಹೆಚ್ಚು ಶಕ್ತಿಯನ್ನು ಹೊತ್ತಿರುವುದು.

ಇದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜರ್ಮನ್. 1897ರಲ್ಲಿ ಆಗ್ಸ್‌ಬರ್ಗ್ ನಗರದ ಕಾರ್ಖಾನೆಯಲ್ಲಿ ಆತನ ಎಂಜಿನ್ ಯಶಸ್ವಿಯಾಗಿ ಓಡಿತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಂಥದೊಂದು ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ನಡೆದಿತ್ತು. 1913ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಡೀಸೆಲ್ ರಾತ್ರೋರಾತ್ರಿ ಕಾಣೆಯಾದ. ಆತ ಬದುಕಿರುವವರೆಗೆ ಆ ಎಂಜಿನ್ ಕಾರ್ಖಾನೆ ಮತ್ತು ಹಡಗುಗಳ ವಸ್ತುವಾಗಿತ್ತೇ ಹೊರತು ಕಾರಿನದಾಗಿರಲಿಲ್ಲ. 1936ರಲ್ಲಿ ಬರ್ಲಿನ್ನಿನಲ್ಲಿ ಮರ್ಸಿಡಿಸ್-ಬೆಂಝ್ ಕಂಪೆನಿ ತನ್ನ 260 ಡಿ ಎಂಬ ಡೀಸೆಲ್ ಕಾರನ್ನು ತೋರಿಸಿದಾಗ ಅದನ್ನು ಮೆಚ್ಚಿದವರು ಟ್ಯಾಕ್ಸಿಯವರು. ದಿನವಿಡೀ ಓಡುವವನಿಗೆ ಡೀಸೆಲ್, ಆಗೊಮ್ಮೆ ಈಗೊಮ್ಮೆ ಓಡಿಸುವವನಿಗೆ ಪೆಟ್ರೋಲ್ ಎಂಬ ವಿಂಗಡಣೆ ಅಷ್ಟು ಹಳೆಯದು.

ಭಾರತದಲ್ಲಿ 1970ರ ದಶಕದ ಕೊನೆಯವರೆಗೂ ಈ ಪ್ರಶ್ನೆಯೇ ಇರಲಿಲ್ಲ. ಕಾರು ಎಂದರೆ ಅಂಬಾಸಡರ್, ಫಿಯೆಟ್, ಸ್ಟಾಂಡರ್ಡ್ ಹೆರಾಲ್ಡ್. ಎಲ್ಲವೂ ಪೆಟ್ರೋಲ್. ಡೀಸೆಲ್ ಎಂದರೆ ಲಾರಿ, ಬಸ್ಸು. ಎರಡೂ ಲೋಕಗಳನ್ನು ಒಂದೇ ಸೂರಿನಡಿ ಕಂಡದ್ದು ಬೆಂಗಳೂರು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಜನರ ಬಾಯಲ್ಲಿ ಮೈಕೋ, ಜರ್ಮನಿಯ ಬಾಷ್ ಸಂಸ್ಥೆಯ ಪಾಲುದಾರಿಕೆಯಲ್ಲಿ ಆಡುಗೋಡಿಯ ಕಾರ್ಖಾನೆಯಲ್ಲಿ ಪೆಟ್ರೋಲ್ ಗಾಡಿಗೆ ಬೇಕಾದ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಗಾಡಿಗೆ ಬೇಕಾದ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸತೊಡಗಿತು. ದೇಶದ ಹೆದ್ದಾರಿಗಳಲ್ಲಿ ಓಡಿದ ಅಸಂಖ್ಯ ಲಾರಿಗಳ ಪಂಪಿನ ಮೇಲೆ ‘ಮೈಕೋ’ ಎಂಬ ಅಕ್ಷರಗಳಿದ್ದವು. 2008ರಲ್ಲಿ ಕಂಪೆನಿಯ ಹೆಸರು ಬಾಷ್ ಎಂದು ಬದಲಾಯಿತು. ಬಡಾವಣೆಗೆ, ಬಸ್ ನಿಲ್ದಾಣಕ್ಕೆ ಅಂಟಿಕೊಂಡ ಮೈಕೋ ಹೆಸರು ಮಾತ್ರ ಹೋಗಲಿಲ್ಲ.

1973ರಲ್ಲಿ ಅರಬ್ ದೇಶಗಳು ತೈಲದ ಬೆಲೆಯನ್ನು ಏರಿಸಿದಾಗ ಲೆಕ್ಕ ಕೆಡಲಾರಂಭಿಸಿತು. 1974ರಿಂದ 1976ರ ಸುಮಾರಿಗೆ ಎಸ್ಸೊ, ಬರ್ಮಾ ಶೆಲ್, ಕಾಲ್ಟೆಕ್ಸ್ ಕಂಪೆನಿಗಳು ಸರ್ಕಾರದ ವಶಕ್ಕೆ ಬಂದವು. ಬಂಕಿನಲ್ಲಿ ಪ್ರತಿ ಲೀಟರಿಗೆ ಎಷ್ಟು ಎಂಬುದನ್ನು ದೆಹಲಿಯೇ ಗೊತ್ತುಮಾಡುವ ವ್ಯವಸ್ಥೆ ಗಟ್ಟಿಯಾಯಿತು. ಈ ವ್ಯವಸ್ಥೆಯ ತರ್ಕ ಸರಳ. ಸೀಮೆಎಣ್ಣೆ ಬಡವರ ಒಲೆಯದು, ಅದಕ್ಕೆ ಕೈಹಚ್ಚಬಾರದು. ಡೀಸೆಲ್ ಏರಿದರೆ ಲಾರಿ ಬಾಡಿಗೆ ಏರುತ್ತದೆ, ಲಾರಿ ಬಾಡಿಗೆ ಏರಿದರೆ ಬೇಳೆ, ಈರುಳ್ಳಿ, ಬಸ್ ಟಿಕೆಟ್ ಎಲ್ಲವೂ ಏರುತ್ತವೆ, ಅದನ್ನೂ ತಗ್ಗಿನಲ್ಲಿಡಬೇಕು. ಪೆಟ್ರೋಲ್ ಕಾರು ಇಟ್ಟುಕೊಂಡವರದು; ಅವರು ಕೊಡಬಲ್ಲರು. ಆ ಕಾಲಕ್ಕೆ ಇದು ತಪ್ಪೆನ್ನುವಂತಿರಲಿಲ್ಲ. ಕಾರು ನಿಜವಾಗಿಯೂ ಹಣವಂತರ ವಸ್ತುವಾಗಿತ್ತು. ಸ್ಕೂಟರುಗಳು ಕೂಡ ಪೆಟ್ರೋಲನ್ನೇ ಕುಡಿಯುತ್ತವೆ ಎಂಬುದನ್ನು ಮಾತ್ರ ಈ ತರ್ಕ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೀಗೆ ಎರಡು ಎಣ್ಣೆಗಳ ನಡುವೆ ಒಂದು ಕಂದಕ ಏರ್ಪಟ್ಟಿತು. 1990ರ ದಶಕದ ಆರಂಭಕ್ಕೆ ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧಕ್ಕಿಂತಲೂ ಕೆಳಗಿತ್ತು. ಕಂದಕವಿದ್ದ ಕಡೆ ಸೇತುವೆ ಕಟ್ಟುವವರು ಹುಟ್ಟದೆ ಇರುತ್ತಾರೆಯೇ? 1980ರ ಆಸುಪಾಸಿನಲ್ಲಿ ಹಿಂದುಸ್ತಾನ್ ಮೋಟರ್ಸ್ ತನ್ನ ಅಂಬಾಸಡರಿಗೆ 1489 ಸಿಸಿಯ ಡೀಸೆಲ್ ಎಂಜಿನ್ ಕೂರಿಸಿತು. ಅದರ ಶಕ್ತಿ ನಲವತ್ತು ಅಶ್ವಶಕ್ತಿಯ ಆಸುಪಾಸು. ಆಗುಂಬೆಯಂಥ ಘಟ್ಟ ಹತ್ತುವಾಗ ಹಿಂದಿನವರಿಗೆ ದಾರಿ ಬಿಟ್ಟುಕೊಟ್ಟು, ಕಪ್ಪು ಹೊಗೆಯನ್ನು ಉಗುಳುತ್ತ, ಒಳಗೆ ಕುಳಿತವರ ಮಾತು ಒಬ್ಬರಿಗೊಬ್ಬರಿಗೆ ಕೇಳಿಸದ ಹಾಗೆ ಅದು ಏರುತ್ತಿತ್ತು. ಹಾಗಿದ್ದೂ ಟ್ಯಾಕ್ಸಿಯವರು ಮುಗಿಬಿದ್ದರು. ಪೆಟ್ರೋಲ್ ಅಂಬಾಸಡರ್ ಲೀಟರಿಗೆ ಎಂಟು ಹತ್ತು ಕಿ.ಮೀ. ಕೊಡುತ್ತಿದ್ದಲ್ಲಿ ಇದು ಹನ್ನೆರಡೋ ಹದಿಮೂರೋ ಕೊಡುತ್ತಿತ್ತು, ಅದೂ ಅರ್ಧ ಬೆಲೆಯ ಎಣ್ಣೆಯಲ್ಲಿ.

ಕಾರ್ಖಾನೆ ಮಾಡಿದ್ದನ್ನು ಗ್ಯಾರೇಜುಗಳೂ ಮಾಡಿದವು. ಹಳೆಯ ಪೆಟ್ರೋಲ್ ಅಂಬಾಸಡರಿನ, ಜೀಪಿನ ಎಂಜಿನ್ ಇಳಿಸಿ, ಗುಜರಿಗೆ ಬಂದ ವ್ಯಾನಿನಿಂದ ಕಳಚಿದ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಸುಬೇ ಆಯಿತು. ಬಾನೆಟ್ಟಿನೊಳಗೆ ಜಾಗ ಸಾಲದಿದ್ದರೆ ಕತ್ತರಿಸಿ ಬೆಸುಗೆ ಹಾಕುತ್ತಿದ್ದರು. ಮುಂದಿನ ಸ್ಪ್ರಿಂಗುಗಳು ಭಾರಕ್ಕೆ ಕುಸಿದು ಕಾರು ಮೂಗು ಕೆಳಗೆ ಮಾಡಿ ನಿಲ್ಲುತ್ತಿತ್ತು. ಈ ಬದಲಾವಣೆಯನ್ನು ಆರ್.ಟಿ.ಒ. ಕಚೇರಿಯಲ್ಲಿ ತೋರಿಸಿ ಆರ್.ಸಿ. ಪುಸ್ತಕದಲ್ಲಿ ಬರೆಸಬೇಕೆಂಬುದು ಕಾನೂನು. ಬರೆಸದವರೂ ಇದ್ದರು. ಅಂಥ ಕಾರು ಮೂರನೆಯವನ ಕೈಗೆ, ನಾಲ್ಕನೆಯವನ ಕೈಗೆ ಹೋದಾಗ ಪುಸ್ತಕದಲ್ಲೊಂದು ಇಂಧನ, ಟ್ಯಾಂಕಿನಲ್ಲೊಂದು ಇಂಧನ! ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರಿನ ಬಗ್ಗೆ ಹಿರಿಯರಿಗೆ ಇಂದಿಗೂ ಇರುವ ಅನುಮಾನದ ಬೇರು ಇಲ್ಲಿದೆ.

ಈ ನಡುವೆ ಪೆಟ್ರೋಲಿನ ಕಡೆಯಿಂದ ಒಂದು ಉತ್ತರ ಬಂದಿತ್ತು. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800. ಮೂರೇ ಸಿಲಿಂಡರು, 796 ಸಿಸಿ, ಹಗುರ ಮೈ. ಲೀಟರಿಗೆ ಹದಿನಾರು ಹದಿನೆಂಟು ಕಿ.ಮೀ. ಓಡುವ ಈ ಕಾರು, ಎಣ್ಣೆ ದುಬಾರಿಯಾದರೇನು, ಕಡಿಮೆ ಕುಡಿದರಾಯಿತಲ್ಲ ಎಂಬ ವಾದವನ್ನು ಮಧ್ಯಮವರ್ಗದ ಮುಂದಿಟ್ಟಿತು. ಮೊದಮೊದಲು ಬುಕ್ ಮಾಡಿ ಕಾಯಬೇಕಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಹಳೆಯ ಮಾರುತಿಗಳು ಕೈ ಬದಲಾಯಿಸತೊಡಗಿದವು. ಶಿಕ್ಷಕರು, ಬ್ಯಾಂಕ್ ಗುಮಾಸ್ತರು, ಸಣ್ಣ ಊರಿನ ಡಾಕ್ಟರು ಮೊದಲ ಬಾರಿಗೆ ಕಾರು ಕಂಡದ್ದು ಹೀಗೆ, ಇನ್ನೊಬ್ಬರು ಓಡಿಸಿ ಬಿಟ್ಟ ಪೆಟ್ರೋಲ್ ಮಾರುತಿಯಲ್ಲಿ. ಪ್ಲಗ್ ತೆಗೆದು ಉಜ್ಜಿ ಹಾಕಿದರೆ, ಕಾರ್ಬ್ಯುರೇಟರ್ ತೊಳೆದರೆ ಅರ್ಧ ರೋಗ ವಾಸಿ. ತಾಲ್ಲೂಕು ಕೇಂದ್ರದ ಸ್ಕೂಟರ್ ಮೆಕ್ಯಾನಿಕ್ ಕೂಡ ಕೈಯಾಡಿಸಬಲ್ಲ ಯಂತ್ರ ಅದು. ಕುಟುಂಬಕ್ಕೆ ಪೆಟ್ರೋಲ್ ಎಂಬ ಮಾತು ಬೇರೂರಿದ್ದು ಆ ವರ್ಷಗಳಲ್ಲಿ.

ಆದರೆ ಬೆಲೆಯ ಕಂದಕ ಮುಚ್ಚಿರಲಿಲ್ಲವಲ್ಲ. 1991ರ ನಂತರ ಪರದೇಶದ ಕಂಪೆನಿಗಳು ಬಂದಾಗ ಅವರಿಗೂ ಅದು ಕಾಣಿಸಿತು. ಪೂಜೋ 309 ಡೀಸೆಲ್ ಬಂತು, ಪ್ರೀಮಿಯರ್ ಪದ್ಮಿನಿಗೂ ಡೀಸೆಲ್ ಎಂಜಿನ್ ಬಂತು, 1998ರಲ್ಲಿ ಮಾರುತಿಯೇ ಪೂಜೋ ಎಂಜಿನ್ ಹಾಕಿ ಝೆನ್ ಡೀಸೆಲ್ ಮಾರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲಾರಿ ತಯಾರಿಕೆಯಲ್ಲಿ ಪಳಗಿದ ಟಾಟಾ ಕಂಪೆನಿಯ ಇಂಡಿಕಾ ಬೀದಿಗಿಳಿಯಿತು. ಒಳಗೆ ಐದು ಜನ ಆರಾಮಾಗಿ ಕೂರುವ ಜಾಗ, 1405 ಸಿಸಿಯ ಡೀಸೆಲ್ ಎಂಜಿನ್, ಸಣ್ಣ ಕಾರಿನ ಬೆಲೆ. ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಅಂಬಾಸಡರಿನ ಜಾಗವನ್ನು ಮೆಲ್ಲಗೆ ಅದು ತೆಗೆದುಕೊಂಡಿತು. 2000ದ ಆರಂಭದಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಿತ್ತು. ಬೆಂಗಳೂರಿನ ರಾತ್ರಿಪಾಳಿಯ ಕಾಲ್‌ಸೆಂಟರ್ ಹುಡುಗ ಹುಡುಗಿಯರನ್ನು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಸಾಗಿಸಿದ ಗಾಡಿ ಅದು. 2005ರಲ್ಲಿ ಅದರ ಜಾಗಕ್ಕೆ ಇನೋವ ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಡೀಸೆಲ್ ಕಾರು ಹೆಚ್ಚಾಗಿ ಟ್ಯಾಕ್ಸಿಯಾದ ಕಾರಣ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದ ಡೀಸೆಲ್ ಕಾರುಗಳಲ್ಲಿಯೂ ಟ್ಯಾಕ್ಸಿಗಳು ಸೇರಿಕೊಂಡವು. ಯೆಲ್ಲೋ ಬೋರ್ಡ್ ತೆಗೆಸಿ, ತೆರಿಗೆ ಕಟ್ಟಿ, ವೈಟ್ ಬೋರ್ಡ್ ಮಾಡಿಸುವುದು ಕಾನೂನುಬದ್ಧವೇ. ಎರಡು ಮೂರು ಲಕ್ಷ ಕಿ.ಮೀ. ಓಡಿದ ಮೀಟರನ್ನು ಎಪ್ಪತ್ತು ಸಾವಿರಕ್ಕೆ ತಿರುಗಿಸುವುದು ಮಾತ್ರ ಕಾನೂನುಬದ್ಧವಲ್ಲ. ಕುಶನ್ ಹೊಸದಾಗಿ ಹೊಲಿಸಬಹುದು, ಬಣ್ಣ ಹೊಡೆಸಬಹುದು. ಸವೆದ ಕ್ಲಚ್ ಪೆಡಲ್ಲಿನ ರಬ್ಬರು, ನುಣುಪಾದ ಸ್ಟಿಯರಿಂಗ್ ಚಕ್ರ ಸತ್ಯವನ್ನು ಹೇಳಿಬಿಡುತ್ತವೆ. ಆರ್.ಸಿ.ಯಲ್ಲಿ ಮೊದಲ ನೋಂದಣಿ ಯಾವ ಬಗೆಯದು ಎಂದು ನೋಡುವ ರೂಢಿ ಬೆಳೆದದ್ದು ಇದರಿಂದಲೇ.

2000ದ ದಶಕದಲ್ಲಿ ಡೀಸೆಲ್ ಕಾರಿನ ಸ್ವಭಾವವೇ ಬದಲಾಯಿತು. ಕಾಮನ್ ರೈಲ್ ಎಂಬ ಪದ್ಧತಿಯಲ್ಲಿ ಎಣ್ಣೆಯನ್ನು ಒಂದೇ ಕೊಳವೆಯಲ್ಲಿ ಭಾರೀ ಒತ್ತಡದಲ್ಲಿ ತುಂಬಿಟ್ಟು, ಕಂಪ್ಯೂಟರ್ ಹೇಳಿದ ಕ್ಷಣಕ್ಕೆ ಪ್ರತಿ ಸಿಲಿಂಡರಿಗೂ ಸಿಂಪಡಿಸುತ್ತಾರೆ. ಗಡಗಡ ಸದ್ದು ಅಡಗಿತು, ಕಪ್ಪು ಹೊಗೆ ತಗ್ಗಿತು, ಓಟಕ್ಕೆ ಹುರುಪು ಬಂತು. 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಬಂದ 1248 ಸಿಸಿಯ ಫಿಯೆಟ್ ಮೂಲದ ಎಂಜಿನ್ನನ್ನು ಮುಂದೆ ಎಷ್ಟೋ ಕಂಪೆನಿಗಳ ಕಾರುಗಳಲ್ಲಿ ಹಾಕಿದರು. ವಾಹನಪ್ರಿಯರು ಅದನ್ನು ತಮಾಷೆಗೆ ‘ರಾಷ್ಟ್ರೀಯ ಎಂಜಿನ್’ ಎಂದು ಕರೆದದ್ದುಂಟು. ಡೀಸೆಲ್ ಟ್ಯಾಕ್ಸಿ ಸ್ಟ್ಯಾಂಡ್ ಬಿಟ್ಟು ಮನೆಯ ಪೋರ್ಟಿಕೋಗೆ ಬಂದದ್ದು ಆಗ.

ಅದೇ ಹೊತ್ತಿಗೆ ಬೆಲೆನೀತಿಯೂ ವಿಚಿತ್ರ ತಿರುವು ಪಡೆಯಿತು. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಡೀಸೆಲ್ ಮೇಲಿನ ಹಿಡಿತ ಬಿಡಲಿಲ್ಲ. ಒಂದು ಗಾಳಿಗೆ ಹಾರುವ ಗಾಳಿಪಟ, ಇನ್ನೊಂದು ಗೂಟಕ್ಕೆ ಕಟ್ಟಿದ ಹಸು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂ. 18 ಪೈಸೆಗೆ ಏರಿದಾಗ ಡೀಸೆಲ್ 40 ರೂ. 91 ಪೈಸೆಯಲ್ಲಿತ್ತು. ವ್ಯತ್ಯಾಸ ಮೂವತ್ತೆರಡು ರೂಪಾಯಿ. ಕಾರು ಕೊಳ್ಳುವವರು ಷೋರೂಮುಗಳಲ್ಲಿ ಡೀಸೆಲ್ಲಿಗಾಗಿ ಸಾಲು ನಿಂತರು. ಆ ವರ್ಷಗಳಲ್ಲಿ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. ಹಳೆಯ ಪೆಟ್ರೋಲ್ ಕಾರನ್ನು ಕೇಳುವವರಿಲ್ಲದೆ ಬ್ರೋಕರುಗಳು ಮುಖ ಸಿಂಡರಿಸುತ್ತಿದ್ದರು.

ಲಾರಿಗೆಂದು ಇಟ್ಟ ರಿಯಾಯಿತಿಯನ್ನು ಕಾರು ಉಣ್ಣುತ್ತಿದೆ ಎಂಬ ಆಕ್ಷೇಪ ಹೊಸದೇನಲ್ಲ. 2010ರ ಆರಂಭದಲ್ಲೇ ಕಿರೀಟ್ ಪಾರಿಖ್ ಸಮಿತಿ ಡೀಸೆಲ್ ಕಾರಿನ ಮೇಲೆ 80,000 ರೂ. ಹೆಚ್ಚುವರಿ ಅಬಕಾರಿ ಸುಂಕ ಹಾಕಬೇಕೆಂದಿತ್ತು. ಅದು ಜಾರಿಯಾಗಲಿಲ್ಲ. 2014ರಲ್ಲಿ ಪೆಟ್ರೋಲಿಯಂ ಸಚಿವಾಲಯ ಪ್ರಕಟಿಸಿದ ಒಂದು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಾರಾಟವಾಗುವ ಡೀಸೆಲ್‌ನಲ್ಲಿ ನೂರಕ್ಕೆ ಸುಮಾರು 13ರಷ್ಟು ಖಾಸಗಿ ಕಾರು, ಜೀಪುಗಳಿಗೆ ಹೋಗುತ್ತಿತ್ತು. ಕರೆಯದೆ ಬಂದ ಅತಿಥಿಯ ಎಲೆಗೆ ಬಿದ್ದ ತುತ್ತು ಸಣ್ಣದಾಗಿರಲಿಲ್ಲ.

ಆ ಅತ್ಯಂತ ಲಾಭದ ದಿನಗಳಲ್ಲಿಯೂ ಮನೆಲೆಕ್ಕ ಎಲ್ಲರಿಗೂ ಒಂದೇ ಆಗಿರಲಿಲ್ಲ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಓಡುತ್ತದೆಂದು ಇಟ್ಟುಕೊಳ್ಳೋಣ. 2012ರ ದೆಹಲಿ ಬೆಲೆಯಲ್ಲಿ ಕಿ.ಮೀ.ಗೆ ಪೆಟ್ರೋಲಿನ ಖರ್ಚು 4 ರೂ. 88 ಪೈಸೆ, ಡೀಸೆಲ್ಲಿನದು 2 ರೂ. 5 ಪೈಸೆ. ಉಳಿತಾಯ 2 ರೂ. 83 ಪೈಸೆ. ತಿಂಗಳಿಗೆ 2,000 ಕಿ.ಮೀ. ಓಡಿಸುವ ಔಷಧಿ ಕಂಪೆನಿಯ ಪ್ರತಿನಿಧಿಗೆ ವರ್ಷಕ್ಕೆ 68,000 ರೂ. ಉಳಿಯಿತು, ಡೀಸೆಲ್ ಕಾರಿಗೆ ಅವರು ಹೆಚ್ಚಾಗಿ ಕೊಟ್ಟದ್ದು ಒಂದು ಲಕ್ಷವಾದರೆ ಒಂದೂವರೆ ವರ್ಷದಲ್ಲಿ ಮರಳಿ ಬಂತು. ಆದರೆ ಮಕ್ಕಳ ಶಾಲೆ, ತರಕಾರಿ ಮಾರುಕಟ್ಟೆ, ಹಬ್ಬಕ್ಕೊಮ್ಮೆ ಊರು ಎಂದು ತಿಂಗಳಿಗೆ 500 ಕಿ.ಮೀ. ಓಡಿಸುವ ಮನೆಯವರಿಗೆ ವರ್ಷಕ್ಕೆ ಉಳಿದದ್ದು 17,000 ರೂ. ಅದೇ ಒಂದು ಲಕ್ಷ ಮರಳಿ ಬರಲು ಸುಮಾರು ಆರು ವರ್ಷ. ಸಾಲದ ಬಡ್ಡಿ, ಡೀಸೆಲ್ ಕಾರಿನ ಹೆಚ್ಚಿನ ಸರ್ವಿಸ್ ಖರ್ಚು ಇದರಲ್ಲಿ ಸೇರಿಲ್ಲ. ನೆರೆಮನೆಯವರು ಕೊಂಡರೆಂದು ಕೊಂಡವರು ಬಹಳ ಮಂದಿ. ಅವರ ಕಾರುಗಳೇ ಐದಾರು ವರ್ಷದ ಬಳಿಕ ‘ಸಿಂಗಲ್ ಓನರ್, ಕಡಿಮೆ ಓಡಿದ ಡೀಸೆಲ್’ ಎಂಬ ಜಾಹೀರಾತಿನಲ್ಲಿ ಕಾಣಿಸಿಕೊಂಡವು.

ಆಶ್ಚರ್ಯವೆಂದರೆ, ಬೆಲೆಯ ಅಂತರ ನೆತ್ತಿಗೇರಿದ ಮರುತಿಂಗಳೇ, 2012ರ ಜೂನ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರುತ್ತದೆಂದು ತೀರ್ಮಾನಿಸಿತು. ಸುದ್ದಿ ಒಳಪುಟದಲ್ಲಿ ಬಂತು. ಷೋರೂಮಿನ ಸಾಲು ಕರಗಲಿಲ್ಲ.

ಕರಗಿಸಿದ್ದು ಬೆಲೆಯೇ. 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸುತ್ತ ಬಂದರು. ನೋವಾಗದಂತೆ ಹಲ್ಲು ಕೀಳುವ ಉಪಾಯ. 2014ರ ಅಕ್ಟೋಬರಿನಲ್ಲಿ, ಕಚ್ಚಾ ತೈಲ ಅಗ್ಗವಾಗಿದ್ದ ಸಮಯ ನೋಡಿ, ಡೀಸೆಲ್ಲನ್ನೂ ನಿಯಂತ್ರಣಮುಕ್ತ ಮಾಡಲಾಯಿತು. ಕಾಕತಾಳೀಯವೋ ಏನೋ, ಅದೇ ವರ್ಷದ ಜನವರಿಯಲ್ಲಿ ಮಾರುತಿ 800 ತಯಾರಿಕೆ ನಿಂತಿತ್ತು; ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆಯೂ ನಿಂತಿತ್ತು. ಪೆಟ್ರೋಲ್ ಕುಟುಂಬದ ಕಾರು, ಡೀಸೆಲ್ ಟ್ಯಾಕ್ಸಿ, ಇವೆರಡನ್ನೂ ಬೇರೆ ಬೇರೆಯಾಗಿಟ್ಟಿದ್ದ ಬೆಲೆನೀತಿ, ಮೂರೂ ಒಂದೇ ವರ್ಷದಲ್ಲಿ ತೆರೆಗೆ ಸರಿದವು. ಮುಂದಿನ ಹದಿನೈದು ತಿಂಗಳಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಿತು. ಹಿಂದೆ ರಿಯಾಯಿತಿ ಪಡೆಯುತ್ತಿದ್ದ ಡೀಸೆಲ್ ಈಗ ಬೊಕ್ಕಸ ತುಂಬುವ ಸರಕಾಯಿತು.

ಪೆಟ್ಟಿನ ಮೇಲೆ ಪೆಟ್ಟು ಬಿದ್ದದ್ದು 2015ರಲ್ಲಿ. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ ಓಡಬಾರದೆಂದು ಆದೇಶಿಸಿತು. ಪೆಟ್ರೋಲಿಗೆ ಈ ಗಡಿ ಹದಿನೈದು ವರ್ಷ. ಸೆಪ್ಟೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವನ್ನು ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟಿದ್ದು ಅಮೆರಿಕದಲ್ಲಿ ಬಯಲಾಯಿತು. ಭಾರತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಸರಿಪಡಿಸಿಕೊಡಲು ಅದು ಹಿಂದಕ್ಕೆ ಕರೆಯಬೇಕಾಯಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 2000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನು ರಾಜಧಾನಿ ವಲಯದಲ್ಲಿ ತಡೆಹಿಡಿಯಿತು. ದೆಹಲಿಯ ಆ ಆದೇಶ ಬಿಡದಿಗೂ ತಟ್ಟಿತು. ಇನೋವದ ಡೀಸೆಲ್ ಎಂಜಿನ್ 2494 ಸಿಸಿಯದು. 2016ರ ಆಗಸ್ಟ್‌ನಲ್ಲಿ ಶೇಕಡ ಒಂದರಷ್ಟು ಹಸಿರು ಶುಲ್ಕದ ಷರತ್ತಿನೊಂದಿಗೆ ತಡೆ ತೆರವಾಯಿತು. ಅದೇ ತಿಂಗಳು ಇನೋವ ಕ್ರಿಸ್ಟ ಪೆಟ್ರೋಲ್ ಎಂಜಿನ್ನಿನಲ್ಲಿಯೂ ಮಾರುಕಟ್ಟೆಗೆ ಬಂತು.

ಹತ್ತು ವರ್ಷದ ನಿಯಮವನ್ನು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಲ್ಲಿಗೆ ದೆಹಲಿಯ ಒಂಬತ್ತು ವರ್ಷದ ಒಳ್ಳೆಯ ಡೀಸೆಲ್ ಕಾರು ರಾತ್ರೋರಾತ್ರಿ ಬೇಡದ ಕೂಸಾಯಿತು. ನಿರಾಕ್ಷೇಪಣಾ ಪತ್ರ ಹಿಡಿದು ಅಂಥ ಕಾರುಗಳು ದೇಶದ ಮೂಲೆಮೂಲೆಗೆ ಹೊರಟವು. 2025ರ ಜುಲೈ 1ರಿಂದ ದೆಹಲಿಯ ಬಂಕುಗಳಲ್ಲಿ ಅವಧಿ ಮುಗಿದ ವಾಹನಗಳಿಗೆ ಎಣ್ಣೆ ಹಾಕಬಾರದೆಂಬ ನಿಯಮ ಬಂದು, ಜನರ ಗದ್ದಲಕ್ಕೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಯಸ್ಸಿನ ಕಾರಣಕ್ಕಷ್ಟೇ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಮಧ್ಯಂತರ ಆದೇಶ ಕೊಟ್ಟಿತು. ಕರ್ನಾಟಕದಲ್ಲಿ ಈ ಹತ್ತು ವರ್ಷದ ನಿಷೇಧ ಬಂದಿಲ್ಲ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಎಫ್.ಸಿ. ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಆದರೆ ದೆಹಲಿಯ ಕಾರು ಇಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದವರು ಇಲ್ಲಿನ ಆಜೀವ ತೆರಿಗೆ ಕಟ್ಟಿದ ಮೇಲೆ ಆ ಅಗ್ಗ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

2020ರಲ್ಲಿ ಎರಡು ಘಟನೆಗಳು ನಡೆದವು. ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಇಡೀ ದೇಶಕ್ಕೆ ಅನ್ವಯವಾಯಿತು. ಡೀಸೆಲ್ ಎಂಜಿನ್ನನ್ನು ಆ ಮಟ್ಟಕ್ಕೆ ಏರಿಸುವ ಖರ್ಚು ಸಣ್ಣ ಕಾರಿಗೆ ಹೊರೆಯೆಂದು ಮಾರುತಿ ಡೀಸೆಲ್ ಕಾರು ಮಾರುವುದನ್ನೇ ಬಿಟ್ಟಿತು. ದೊಡ್ಡ ಕಾರುಗಳಲ್ಲಿ ಮಹೀಂದ್ರ, ಟಾಟಾ, ಹ್ಯುಂಡೈ, ಟೊಯೋಟ ಆಗ ಮುಂದುವರಿಸಿದವು. ಜೂನ್ ತಿಂಗಳಲ್ಲಿ ಹಿಂದೆಂದೂ ಆಗದ್ದು ಆಯಿತು. ಕೇಂದ್ರದ ಸುಂಕ, ರಾಜ್ಯದ ತೆರಿಗೆ ಎರಡೂ ಏರಿ, ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ಪೆಟ್ರೋಲಿಗಿಂತ ತುಟ್ಟಿಯಾಯಿತು: ಪೆಟ್ರೋಲ್ 79 ರೂ. 76 ಪೈಸೆ, ಡೀಸೆಲ್ 79 ರೂ. 88 ಪೈಸೆ. ಮೇಲಿನ ಮನೆಲೆಕ್ಕವನ್ನೇ ಈ ದರದಲ್ಲಿ ಮಾಡಿದರೆ ತಿಂಗಳಿಗೆ 500 ಕಿ.ಮೀ. ಓಡಿಸುವ ಕುಟುಂಬಕ್ಕೆ ವರ್ಷದ ಉಳಿತಾಯ 8,000 ರೂಪಾಯಿಯೂ ಆಗುವುದಿಲ್ಲ. ಒಂದು ಲಕ್ಷ ಮರಳಿ ಬರಲು ಹನ್ನೆರಡು ವರ್ಷ ಮೀರುತ್ತದೆ. ಅಷ್ಟರಲ್ಲಿ ಕಾರೇ ಇರುವುದಿಲ್ಲ. ದೆಹಲಿ ಸರ್ಕಾರ ಜುಲೈ ಕೊನೆಗೆ ತೆರಿಗೆ ಇಳಿಸಿತು. ಈಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಎರಡರ ಅಂತರ ಲೀಟರಿಗೆ ಹತ್ತರಿಂದ ಹದಿನೈದು ರೂಪಾಯಿಯ ಆಸುಪಾಸಿನಲ್ಲಿದೆ. 2012ರ ಕಂದಕ ಮರಳಲಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಪಾಡು ಇಲ್ಲೇ ಬೇರೆಯಾಗುವುದು. 2012ರಲ್ಲಿ ಹೊಸ ಡೀಸೆಲ್ ಕಾರು ಕೊಂಡವರು ಕಾರಿನ ಜೊತೆಗೆ ಆ ಬೆಲೆಯ ಅಂತರವನ್ನೂ ಕೊಂಡಿದ್ದರು. ಅವರಿಂದ ಕೊಳ್ಳುವವರ ಕೈಗೆ ಬರುವುದು ಬರೀ ಕಾರು. ಅದೂ ಅತಿ ಸೂಕ್ಷ್ಮವಾದ ಕಾರು. ಹಳೆಯ ಅಂಬಾಸಡರಿನ ಪಂಪು ಕೆಟ್ಟರೆ ಜಿಲ್ಲಾ ಕೇಂದ್ರದ ಕ್ಯಾಲಿಬ್ರೇಷನ್ ಅಂಗಡಿಯಲ್ಲಿ ಬಿಚ್ಚಿ, ನಾಜಲ್ ಬದಲಿಸಿ, ಸಂಜೆಯೊಳಗೆ ಕೊಡುತ್ತಿದ್ದರು. ಕಾಮನ್ ರೈಲ್ ಕಾರಿನ ನಾಲ್ಕು ಇಂಜೆಕ್ಟರುಗಳು ಹೋದರೆ ಬಿಲ್ಲು ಹತ್ತಾರು ಸಾವಿರ. ಟರ್ಬೋ ಬೇರೆ. ಬಿಎಸ್-6 ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಸೋಸುಗವಿದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಅದು ಕಾದು, ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ಶಾಲೆಗೆ ಎರಡು ಕಿ.ಮೀ., ಶಾಲೆಯಿಂದ ಮನೆಗೆ ಎರಡು ಕಿ.ಮೀ. ಓಡಿಸಿದರೆ ಅದು ಕಾಯುವುದೇ ಇಲ್ಲ. ಕಟ್ಟಿಕೊಂಡು ಡ್ಯಾಷ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ. ಹೀಗಾಗಿ ‘ಕಡಿಮೆ ಓಡಿದ ಡೀಸೆಲ್’ ಎಂಬುದು ಹಿಂದೆ ಗುಣವಾಗಿದ್ದರೆ ಈಗ ವಿಚಾರಿಸಿ ನೋಡಬೇಕಾದ ಸಂಗತಿ.

ಹಾಗೆಂದು ಪೆಟ್ರೋಲ್ ಕಾರು ನಿಶ್ಚಿಂತೆಯದೆಂದು ಹೇಳುವ ಕಾಲವೂ ಇದಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಧನ ಸಮಾವೇಶದಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ಬಂಕುಗಳನ್ನು ಆವರಿಸಿತು. ಮಂಡ್ಯ, ಬೆಳಗಾವಿಯ ಕಬ್ಬಿಗೆ ಅದು ಒಂದು ದಾರಿ. ಆದರೆ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಮೈಲೇಜು ತುಸು ಇಳಿಯುತ್ತದೆ. ಹಳೆಯ ಕಾರುಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ಟುಗಳನ್ನು ಬದಲಿಸಬೇಕಾಗಬಹುದೆಂದು ಸರ್ಕಾರವೂ ಒಪ್ಪಿದೆ. 2023ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ಕೊಳ್ಳುವವರು ಮಾಲೀಕರ ಕೈಪಿಡಿ ತೆರೆದು ಎಷ್ಟು ಎಥನಾಲ್ ತಡೆಯುತ್ತದೆಂದು ನೋಡುವುದು ಒಳ್ಳೆಯದು. ಖರ್ಚು ಬರುತ್ತದೆ, ಆದರೆ ಅದು ಪೈಪು, ವಾಷರುಗಳ ಖರ್ಚು, ಇಂಜೆಕ್ಟರು, ಟರ್ಬೋಗಳದಲ್ಲ.

ಇಷ್ಟನ್ನು ತೂಗಿದರೆ ಊರೊಳಗೆ ಓಡಾಡುವ ಕುಟುಂಬಕ್ಕೆ ಹಳೆಯ ಪೆಟ್ರೋಲ್ ಕಾರೇ ಲೇಸು ಎನ್ನಬೇಕಾಗುತ್ತದೆ. ತೀರ್ಥಹಳ್ಳಿ, ಮೂಡಿಗೆರೆ ಕಡೆಯ ತೋಟದ ಮನೆಯಿಂದ ದಿನವೂ ಪೇಟೆಗೆ ನಲವತ್ತು ಐವತ್ತು ಕಿ.ಮೀ. ಹೋಗಿ ಬರುವವರು, ತಿಂಗಳಿಗೆ ಎರಡು ಸಾವಿರ ಕಿ.ಮೀ. ತಿರುಗುವ ವ್ಯಾಪಾರಿ, ಗುತ್ತಿಗೆದಾರರು ಡೀಸೆಲ್ ನೋಡಿದರೆ ಅದರಲ್ಲಿ ತಪ್ಪಿಲ್ಲ. ಬರ್ಲಿನ್ನಿನ ಟ್ಯಾಕ್ಸಿಯವರು 1936ರಲ್ಲಿ ಹಾಕಿದ ಲೆಕ್ಕ ಅವರಿಗೆ ಇಂದಿಗೂ ಹೊಂದುತ್ತದೆ.

ಯಾವುದನ್ನೇ ನೋಡಲು ಹೋದರೂ ಗ್ಯಾರೇಜಿನವರು ಕೊಡುವ ಒಂದು ಬುದ್ಧಿಮಾತಿದೆ. ಮಧ್ಯಾಹ್ನ ಹೋಗಬೇಡಿ, ಬೆಳಿಗ್ಗೆ ಹೋಗಿ. ಮಾರುವವರು ಕಾರನ್ನು ಬಿಸಿ ಮಾಡಿಡುವ ಮೊದಲೇ ಹೋಗಿ. ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೆಂದು ಖಚಿತಪಡಿಸಿಕೊಂಡು ಕೀ ತಿರುಗಿಸಿ. ಪೆಟ್ರೋಲ್ ಕಾರಾದರೆ ಒಂದೇ ಸಲಕ್ಕೆ ಹತ್ತಬೇಕು, ನೀಲಿ ಹೊಗೆ ಬರಬಾರದು. ಡೀಸೆಲ್ ಕಾರಾದರೆ ಹೀಟರ್ ದೀಪ ಆರುವವರೆಗೆ ಕಾದು ತಿರುಗಿಸಿ, ಬಿಳಿ ಹೊಗೆ ಎಷ್ಟು ಹೊತ್ತು ನಿಲ್ಲುತ್ತದೆಂದು ಹಿಂದೆ ನಿಂತವರಿಗೆ ನೋಡಲು ಹೇಳಿ. ಆಮೇಲೆ ಆರ್.ಸಿ. ಕೇಳಿ.